ಗಾಳಿಯಿಲ್ಲದ ರಾತ್ರಿ ತಿರುಗಿದ ಟೋಪಿ

ಇದು ನಮ್ಮ ಭಾವನಿಗೆ ಆದದ್ದು. ಭಾವ ಅಂದರೆ ನಮ್ಮ ದೊಡ್ಡಪ್ಪನ ಮಗಳನ್ನ ಕೈಹಿಡಿದವರು. ಕತೆ ಕಟ್ಟೋ ಜಾಯಮಾನ ಅಲ್ಲ ಅವರದು. ಸಿನಿಮಾ ನೋಡಿ ಬಂದರೂ ‘ಚೆನ್ನಾಗಿತ್ತು’ ಅನ್ನೋದು ಬಿಟ್ಟು ಎರಡನೇ ಮಾತಿಲ್ಲ. ಇಷ್ಟನ್ನ ಅವರ ಬಾಯಿಂದ ಹೊರಡಿಸೋಕೆ ನಮಗೆ ವರ್ಷಗಳೇ ಹಿಡಿದವು.

ರೈಲ್ವೆ ಶೆಡ್ಡಿನಲ್ಲಿ ಅವರದು ಫಿಟ್ಟರ್ ಕೆಲಸ. ಆಗಿನ ಬೋಗಿಗಳ ನೆತ್ತಿ ಮೇಲೆ ಸಾಲಾಗಿ ತಗಡಿನ ವೆಂಟಿಲೇಟರ್‌ಗಳಿರುತ್ತಿದ್ದವು. ದುಂಡಗೆ, ಸುತ್ತಲೂ ಓರೆಯಾಗಿ ಕೂರಿಸಿದ ತಗಡಿನ ಎಲೆಗಳು. ಕರೆಂಟು ಬೇಡ, ಮೋಟಾರು ಬೇಡ. ರೈಲು ಓಡಿದರೆ ಸಾಕು, ಎದುರುಗಾಳಿಗೆ ಗಿರಗಿರ ತಿರುಗಿ, ಒಳಗಿನ ಜನರ ಬಿಸಿಯುಸಿರನ್ನೆಲ್ಲ ಹೀರಿ ಮೇಲಕ್ಕೆ ಬಿಡುತ್ತಿದ್ದವು. ಶೆಡ್ಡಿನವರು ಅದನ್ನ ಕರೆಯೋದು ಟೋಪಿ ಅಂತ. ಮದುವೆ ಮಾತುಕತೆಯಲ್ಲಿ ದೊಡ್ಡಪ್ಪ ‘ಏನು ಕೆಲಸ ಮಾಡ್ತೀರಪ್ಪ?’ ಅಂತ ಕೇಳಿದ್ದಕ್ಕೆ ಭಾವ ತಲೆ ತಗ್ಗಿಸಿಕೊಂಡು ‘ಟೋಪಿ ಹಾಕ್ತೀನಿ’ ಅಂದುಬಿಟ್ಟಿದ್ದರಂತೆ. ಆ ಸಂಬಂಧ ಉಳಿದದ್ದೇ ಹೆಚ್ಚು.

ಅವರಿಗೊಂದು ಖಯಾಲಿ. ಯಾವುದೂ ಕಿರ್ ಅನ್ನಬಾರದು. ನೆಂಟರ ಮನೆಗೆ ಹೋದರೂ ಬಾಗಿಲು ಸದ್ದು ಮಾಡಿದರೆ, ಊಟಕ್ಕೆ ಕೂರೋ ಮೊದಲು ಒಂದಿಷ್ಟು ಎಣ್ಣೆ ಕೇಳೋರು. ಹಾಕದೆ ಹೋದರೆ ತುತ್ತು ಇಳೀತಿರಲಿಲ್ಲ.

ಅವತ್ತು ಎರಡನೇ ಪಾಳಿ ಮುಗಿಸಿ ಮನೆಗೆ ಹೊರಟಿದ್ದರು. ಬೇಸಿಗೆ. ಗಾಳಿ ಅನ್ನೋದು ಸತ್ತೇ ಹೋಗಿತ್ತು. ಶೆಡ್ಡಿನ ಹಿಂದೆ ಒಂದು ಹಾಳುಬಾವಿ, ಹೊಗೆಗಾಡಿ ಇಂಜಿನ್‌ಗಳಿಗೆ ನೀರು ಸೇದುತ್ತಿದ್ದದ್ದು. ಅದರ ಪಕ್ಕ ಮುಂದೆ ದಾರಿಯಿಲ್ಲದ ಒಂದು ಕುರುಡು ಹಳಿ. ಓಡಿ ಓಡಿ ಸೋತ ಬೋಗಿಗಳನ್ನ ತಂದು ಅಲ್ಲಿ ನಿಲ್ಲಿಸುತ್ತಿದ್ದರು. ಬಾವಿ ದಾಟಿದ್ದಾರೆ...

ಟರ್‍ರ್‍ರ್... ಟಿಕ್.

ನಿಂತರು.

ಟರ್‍ರ್‍ರ್... ಟಿಕ್.

ಸದ್ದು ಕೇಳಿದ್ದೇ ಕಾಯಿಲೆ ಏನಂತ ಗೊತ್ತಾಯಿತು. ಟೋಪಿಯ ಬೇರಿಂಗ್ ಒಣಗಿದೆ, ಒಂದು ಎಲೆ ಸೊಟ್ಟಗಾಗಿ ಎಲ್ಲೋ ತಾಗುತ್ತಿದೆ. ಅದೇನೋ ಸರಿ. ಆದರೆ ಗಾಳಿ ಎಲ್ಲಿದೆ? ಬಾವಿ ಪಕ್ಕದ ಮರದಲ್ಲಿ ಒಂದೆಲೆ ಅಲುಗುತ್ತಿಲ್ಲ. ತಲೆಯೆತ್ತಿ ನೋಡಿದರು. ಕೊನೆಯ ಬೋಗಿ. ನೆತ್ತಿ ಮೇಲೆ ಸಾಲಾಗಿ ಟೋಪಿಗಳು, ಎಲ್ಲವೂ ಕಲ್ಲಿನ ಹಾಗೆ ಕೂತಿವೆ. ನಡುವಿನದೊಂದು ಮಾತ್ರ... ಸ್ವಲ್ಪ ತಿರುಗುತ್ತೆ, ನಿಲ್ಲುತ್ತೆ. ಮತ್ತೆ ಸ್ವಲ್ಪ ತಿರುಗುತ್ತೆ.

ಹಕ್ಕಿ ಕೂತಿರಬೇಕು ಅಂದುಕೊಂಡು ಮನೆಗೆ ಬಂದರು. ನಿದ್ದೆ ಹತ್ತಲಿಲ್ಲ. ಮಗ್ಗುಲು ಬದಲಿಸಿ ಬದಲಿಸಿ ಹಾಸಿಗೆ ಮುದುರಿಹೋಯಿತು. ಅಕ್ಕನಿಗೆ ಎಚ್ಚರವಾಯಿತು.

“ಏನಾಯ್ತು ರೀ?”

“ಒಂದು ಟೋಪಿ ಸದ್ದು ಮಾಡ್ತಿದೆ.”

“ಇಲ್ಲಿಗೆ ಕೇಳಿಸ್ತಿದೆಯಾ?”

ಭಾವ ದಿಂಬನ್ನ ಕಿವಿಗೆ ಒತ್ತಿಕೊಂಡರು. ಕೇಳಿಸುತ್ತಿತ್ತು.

“ನಾಳೆ ಎಣ್ಣೆ ಹಾಕಿ ಬನ್ನಿ, ಮಲಗಿ,” ಅಂದು ಅಕ್ಕ ಆ ಕಡೆ ಹೊರಳಿದಳು.

ಮರುದಿನ ಪಾಳಿ ಮುಗಿದ ಮೇಲೆ ಎಣ್ಣೆ ಡಬ್ಬಿ, ಟಾರ್ಚು ಹಿಡಿದು ಹೋದರು. ಆ ಹಳಿಯ ಮೇಲೆ ವಿದ್ಯುತ್ ತಂತಿ ಇರಲಿಲ್ಲ, ಹತ್ತೋಕೆ ಹೆದರಿಕೆಯಿಲ್ಲ. ಬೋಗಿಯ ತುದಿಯ ಕಬ್ಬಿಣದ ಮೆಟ್ಟಿಲು ಹಿಡಿದು ನೆತ್ತಿಗೇರಿದರು. ಹಕ್ಕಿಯೂ ಇಲ್ಲ, ಇಲಿಯೂ ಇಲ್ಲ. ಎಣ್ಣೆ ಬಿಟ್ಟರು. ಸೊಟ್ಟ ಎಲೆಯನ್ನ ನೆಟ್ಟಗೆ ಮಾಡಿದರು. ಸದ್ದು ನಿಂತಿತು.

ಟೋಪಿ ನಿಲ್ಲಲಿಲ್ಲ.

ಸದ್ದು ಹೋದ ಮೇಲೆಯೇ ಇನ್ನೊಂದು ಕೇಳಿಸಿದ್ದು. ಅದು ಅಷ್ಟು ಹೊತ್ತು ಕಿರ್‌ಗುಟ್ಟುವಿಕೆಯ ಅಡಿಯಲ್ಲಿ ಅಡಗಿತ್ತು. ಹ್ಸ್ಸ್ಸ್... ಹಾ... ಹ್ಸ್ಸ್ಸ್... ಹಾ... ಅಂಗೈ ಚಾಚಿದರು. ಬೆಚ್ಚಗಿತ್ತು. ಒದ್ದೆಯಾಗಿತ್ತು. ಮಲಗಿದ ಮಗುವಿನ ಮೂಗಿನ ಹತ್ತಿರ ಕೈ ಹಿಡಿದ ಹಾಗೆ.

ಯಾರೋ ಒಳಗೆ ಸಿಕ್ಕಿಹಾಕಿಕೊಂಡಿದ್ದಾರೆ ಅನ್ನಿಸಿತು. ದಡದಡ ಇಳಿದು ಬಂದರೆ ಕೆಳಗೆ ಯಾರ್ಡಿನ ಕಾವಲುಗಾರ ನಿಂತಿದ್ದಾನೆ. ಮುದುಕ. ಶೆಡ್ಡಿನವರೆಲ್ಲ ಅವನನ್ನ ತಾತ ಅಂತಲೇ ಕರೆಯೋರು.

“ತಾತ, ಒಳಗೆ ಯಾರಿದ್ದಾರೆ?”

“ಯಾರೂ ಇಲ್ಲ.”

“ಉಸಿರಾಡ್ತಿದ್ದಾರೆ.”

“ಇಲ್ಲ ಅಂದೋರ್ಯಾರು?” ಅಂದ ತಾತ ಪಿಸುಮಾತಿನಲ್ಲಿ.

ಭಾವ ಹಟ ಹಿಡಿದು ಬೀಗ ತೆಗೆಸಿದರು. ಒಳಗೆ ಹರಿದ ಸೀಟುಗಳು. ನೆಲದ ಮೇಲೆ ಹುಡಿ ಹುಡಿ ಧೂಳು, ಅದರ ಮೇಲೆ ಇರುವೆ ನಡೆದ ಗುರುತೂ ಇಲ್ಲ. ಒಂದು ನರಪಿಳ್ಳೆಯಿಲ್ಲ. ಆದರೆ ವಾಸನೆ... ಕಾಲಿಡೋಕೆ ಜಾಗವಿಲ್ಲದಷ್ಟು ಜನ ತುಂಬಿದ ಬೋಗಿಯ ವಾಸನೆ. ಬೆವರು, ತಲೆಗೆ ಹಚ್ಚಿದ ಎಣ್ಣೆ, ಸುಲಿದ ಕಿತ್ತಳೆ, ಕೂಸಿನ ಬಾಯಿಯ ಹಾಲು. ಭಾವ ಎರಡು ಹೆಜ್ಜೆ ಇಟ್ಟವರು ಯಾರದ್ದೋ ಮೊಣಕಾಲಿಗೆ ತಾಗೀತು ಅನ್ನೋ ಹಾಗೆ ಮೈ ಮುದುರಿಕೊಂಡರಂತೆ. ಹೊರಗೆ ಬಂದ ಮೇಲೇ ಅದು ಅವರ ಗಮನಕ್ಕೆ ಬಂದದ್ದು.

ತಾತ ಬೀಗ ಹಾಕಿದ.

“ಅದರ ಸುದ್ದಿಗೆ ಹೋಗಬೇಡಿ. ತಿರುಗುತ್ತೆ, ತಿರುಗಲಿ.”

“ಕಟ್ಟಿಹಾಕಿದರೆ?”

“ನಿಮಗಿಂತ ಮುಂಚೆ ಒಬ್ಬ ಕಟ್ಟಿದ್ದ.”

“ಅವನಿಗೇನಾಯ್ತು?”

ತಾತ ಬೀಗ ಎಳೆದು ನೋಡಿದ. ಗಟ್ಟಿಯಾಗಿತ್ತು. ಆದರೂ ಇನ್ನೊಂದು ಸಲ ಎಳೆದ.

“ಅವನಿಗೇನೂ ಆಗಲಿಲ್ಲ,” ಅಂದ.

ಆ ಮಾತನ್ನ ಭಾವ ಧೈರ್ಯದ ಮಾತು ಅಂತ ತಿಳಿದರು. ಯಾರಾದರೂ ಹಾಗೇ ತಿಳೀತಿದ್ದರು.

ಆಮೇಲೆ ಅವರಿಗೆ ಕೂತಲ್ಲಿ ಕೂರೋಕಾಗಲಿಲ್ಲ, ನಿಂತಲ್ಲಿ ನಿಲ್ಲೋಕಾಗಲಿಲ್ಲ. ಟೀ ಲೋಟ ಬಾಯಿಗಿಟ್ಟರೆ ಹ್ಸ್ಸ್ಸ್... ಹಾ... ಹೆಂಡತಿ ಏನೋ ಕೇಳಿದರೆ ಇವರು ಇನ್ನೇನೋ ಹೇಳೋರು. ಕೆಲಸದಲ್ಲಿ ಸುತ್ತಿಗೆ ಹೆಬ್ಬೆರಳಿಗೆ ಬಿತ್ತು. “ನಿಮಗೆ ಯಾವ ಗಾಳಿ ಬಡೀತು ರೀ?” ಅಂತ ಅಕ್ಕ ತಮಾಷೆ ಮಾಡಿದಳು. ಭಾವ ನಗಲಿಲ್ಲ.

ಕಡೆಗೊಂದು ರಾತ್ರಿ ಕಟ್ಟುವ ತಂತಿ, ಕಟ್ಟಿಂಗ್ ಪ್ಲೇಯರ್ ಜೇಬಿಗಿಟ್ಟುಕೊಂಡು ಬೋಗಿ ಹತ್ತಿದರು. ಟೋಪಿಯನ್ನ ಎರಡೂ ಕೈಯಲ್ಲಿ ಹಿಡಿದರು. ಹಿಡಿದ ಕೋಳಿಯ ಹಾಗೆ ಅದು ಕೈಯೊಳಗೆ ಮಿಸುಕಿತು. ತಂತಿ ಸುತ್ತಿ, ಪ್ಲೇಯರಿನಲ್ಲಿ ತಿರುಚಿ ಬಿಗಿದರು. ಇನ್ನೊಂದು ಸುತ್ತು. ನಿಂತಿತು.

ಹ್ಸ್ಸ್ಸ್... ಅಂತ ಶುರುವಾದದ್ದು ಅರ್ಧಕ್ಕೇ ಕಡಿದುಹೋಯಿತು.

ಇಳಿದು, ಬಾವಿ ದಾಟಿ ಮನೆಯ ಬೀದಿ ಹಿಡಿದರು. ಎದೆ ಮೇಲಿನ ಭಾರ ಇಳಿದ ಹಾಗಿತ್ತು. ಅಷ್ಟರಲ್ಲಿ ಎಲ್ಲಿತ್ತೋ ಏನೋ, ಗಾಳಿ ಎದ್ದಿತು. ಬೀದಿಯ ಕಸವೆಲ್ಲ ಮುಂದೆ ಮುಂದೆ ಓಡಿತು. ಯಾರದೋ ಮನೆಯ ಕಿಟಕಿ ಪಟಾರ್ ಅಂತ ಬಡಿಯಿತು. ಅಬ್ಬ, ಕೊನೆಗೂ ತಂಪಾಯಿತು ಅಂದುಕೊಂಡು ಭಾವ ಅಂಗಿಯ ಮೇಲಿನ ಗುಂಡಿ ಬಿಚ್ಚಿದರು.

ಮನೆಯ ಬಾಗಿಲು ಹಾರುಹೊಡೆದಿತ್ತು. ಕಿಟಕಿಗಳೆಲ್ಲ ತೆರೆದಿದ್ದವು. ಪರದೆಗಳು ಬಾವುಟದ ಹಾಗೆ ಹಾರುತ್ತಿದ್ದವು. ಆ ಗಾಳಿಯ ನಡುವೆ, ಹೊಸ್ತಿಲ ಮೇಲೆ, ಅಕ್ಕ ಗೋಡೆಗೊರಗಿ ಕೂತಿದ್ದಳು. ಕೂದಲು ಮುಖದ ಮೇಲೆಲ್ಲ ಹಾರಾಡುತ್ತಿದೆ. ತುಟಿ ನೇರಳೆ ಹಣ್ಣು ತಿಂದವರ ಹಾಗಾಗಿದೆ.

“ರೀ... ಗಾಳಿ... ಸಾಲ್ತಿಲ್ಲ...”

“ಯಾವಾಗಿಂದ?”

“ಈಗ... ಈಗಷ್ಟೇ...”

ಪಕ್ಕದ ಮನೆಯಲ್ಲಿ ಒಬ್ಬರು ನರ್ಸಮ್ಮ ಇದ್ದರು, ಆಸ್ಪತ್ರೆಯಲ್ಲಿ ಕೆಲಸ ಮಾಡೋರು. ಸದ್ದು ಕೇಳಿ ಅವರು ಓಡಿಬಂದು ಅಕ್ಕನ ನಾಡಿ ಹಿಡಿದರು. ಮುಖ ಬಿಗಿಯಿತು. “ಆಸ್ಪತ್ರೆ ಗಾಡಿಗೆ ಹೇಳಿ ಕಳಿಸಿದ್ದೀನಿ, ಬರುತ್ತೆ. ನೀವು ಇವಳನ್ನ ಎತ್ತಿ ಹಿಡೀರಿ,” ಅಂದರು. ಭಾವ ಅಕ್ಕನ ಕಡೆ ನೋಡಿದರು. ಹಾರುತ್ತಿದ್ದ ಪರದೆಯ ಕಡೆ ನೋಡಿದರು. ತಾತ ಹೇಳಿದ ಮಾತು ಆಗ ಅವರಿಗೆ ಸರಿಯಾಗಿ ಕೇಳಿಸಿತು. *ಅವನಿಗೆ* ಏನೂ ಆಗಲಿಲ್ಲ.

ಚಪ್ಪಲಿ ಅಲ್ಲೇ ಬಿಟ್ಟು ಬೀದಿಗೆ ಹಾರಿದರು.

“ಎಲ್ಲಿಗೆ ಓಡ್ತೀರಿ? ಹೆಂಡತಿ ಸಾಯ್ತಿದ್ದಾಳೆ ಇಲ್ಲಿ,” ಅಂತ ನರ್ಸಮ್ಮ ಕೂಗಿದರು.

“ಅದಕ್ಕೇ,” ಅಂದರಂತೆ ಭಾವ.

ಯಾರ್ಡಿನಲ್ಲಿ ಗಾಳಿ ಹುಚ್ಚೆದ್ದಿತ್ತು. ಕುರುಡು ಹಳಿಯ ಮೇಲಿನ ಅಷ್ಟೂ ಬೋಗಿಗಳ ಟೋಪಿಗಳು ಗುಂಯ್ ಅಂತ ಸುತ್ತುತ್ತಿದ್ದವು. ಜೇನುಗೂಡಿಗೆ ಕಲ್ಲು ಬಿದ್ದ ಹಾಗೆ. ಇವರು ಕಟ್ಟಿದ್ದೊಂದು ಮಾತ್ರ ತಣ್ಣಗೆ ಕೂತಿತ್ತು. ಬರಿಗಾಲಿನಲ್ಲಿ ಹತ್ತಿದರು. ಗಾಳಿ ದೂಡುತ್ತಿದ್ದರಿಂದ ಹೊಟ್ಟೆ ಮೇಲೆ ತೆವಳುತ್ತಾ ಹೋದರು. ತಂತಿ ಇವರು ಕಟ್ಟಿದ್ದಕ್ಕಿಂತ ಬಿಗಿಯಾಗಿ ತಗಡಿನೊಳಕ್ಕೆ ಕಚ್ಚಿಕೊಂಡಿತ್ತು. ಪ್ಲೇಯರ್ ಜಾರಿತು. ಮತ್ತೆ ಹಾಕಿದರು. ಮತ್ತೆ ಜಾರಿತು.

ಆಗ ಟೋಪಿಯ ಒಳಗಿಂದ, ಕಿವಿಗೆ ತೀರಾ ಹತ್ತಿರದಿಂದ...

“ರೀ...”

ಅಕ್ಕನ ದನಿ.

“ರೀ... ತೆಗೀರಿ...”

“ತೆಗೀತಿದ್ದೀನಿ. ತೆಗೀತಿದ್ದೀನಿ, ಇರು,” ಅಂತ ಭಾವ ತಗಡಿಗೆ ಬಾಯಿ ಹಚ್ಚಿ ಪಿಸುಗುಟ್ಟಿದರು. ತಂತಿಯ ಅಡಿಗೆ ಬೆರಳು ತೂರಿಸಿ ಎತ್ತಿದರು. ಬೆರಳು ಕೊಯ್ದುಕೊಂಡಿತು. ಸಿಕ್ಕ ಸಂದಿಯಲ್ಲಿ ಪ್ಲೇಯರ್ ಇಟ್ಟು ಒತ್ತಿದರು.

ಟಣ್.

ಟೋಪಿ ಒಮ್ಮೆಲೇ ಗಿರ್‍ರ್ ಅಂತ ಸುತ್ತಿತು. ಒಳಗಿಂದ ಒಂದು ಉದ್ದನೆಯ ಉಸಿರು ಇವರ ಮುಖಕ್ಕೆ ಬಂದು ತಾಗಿತು. ಹಾಆಆ... ಆಮೇಲೆ ಅದೂ ಬೇರೆ ಟೋಪಿಗಳ ಹಾಗೆ, ಗಾಳಿಗೆ ತಕ್ಕಂತೆ ತಿರುಗತೊಡಗಿತು.

ಮನೆಗೆ ಬಂದಾಗ ಅಕ್ಕ ಲೋಟ ಹಿಡಿದು ನೀರು ಕುಡಿಯುತ್ತಿದ್ದಳು. ನರ್ಸಮ್ಮ ಮೂಲೆಯಲ್ಲಿ ಕೂತುಬಿಟ್ಟಿದ್ದರು. ಗಾಡಿ ಬಂದು, ‘ಬೇಡ’ ಅನ್ನಿಸಿಕೊಂಡು ವಾಪಸು ಹೋಗಿತ್ತು.

“ಉಸಿರು ನಿಂತೇಹೋಗಿತ್ತು,” ಅಂದರು ನರ್ಸಮ್ಮ, ಅಕ್ಕನಿಗೆ ಕೇಳಿಸದ ಹಾಗೆ. “ನಾನು ಎದೆ ಒತ್ತುತ್ತಲೇ ಇದ್ದೆ. ಆಸೆ ಬಿಟ್ಟಿದ್ದೆ. ಇದ್ದಕ್ಕಿದ್ದ ಹಾಗೆ ಒಂದು ಸಲ ಒಳಕ್ಕೆ ಎಳೆದುಕೊಂಡಳು. ಎಂಥಾ ಎಳೆತ ಅಂತೀರಿ... ಆ ಪರದೆ ಇದೆಯಲ್ಲ, ಅದು ಇವಳ ಬಾಯಿ ಕಡೆಗೆ ಬಂತು.”

ಅಕ್ಕ ಲೋಟ ಕೆಳಗಿಟ್ಟಳು. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲವಂತೆ, ದೂರದಿಂದ ಪ್ರಯಾಣ ಮಾಡಿ ಬಂದ ಸುಸ್ತು ಇತ್ತಂತೆ.

“ಎಷ್ಟು ಜನ ರೀ ಅಲ್ಲಿ,” ಅಂದಳು. “ಕೂರೋಕೆ ಜಾಗ ಇರಲಿಲ್ಲ. ಒಬ್ಬಳು ಪಾಪ, ಮಗು ಎತ್ಕೊಂಡಿದ್ದವಳು, ಸರಿದು ಜಾಗ ಕೊಟ್ಟಳು.”

“ಆಮೇಲೆ?”

“ಮುಂದಿನ ಸ್ಟೇಷನ್ನಿನಲ್ಲಿ ಇಳೀತೀನಿ ಅಂದೆ. ಎಲ್ಲರೂ ನನ್ನ ಮುಖ ನೋಡಿದರು.”

ಭಾವ ಅವಳಿಗೆ ಬೋಗಿಯ ವಿಷಯ ಹೇಳಿಯೇ ಇರಲಿಲ್ಲ. ಬರೀ ‘ಒಂದು ಟೋಪಿ’ ಅಂದಿದ್ದರು, ಅಷ್ಟೇ.

ಆಮೇಲೆ ಆ ಟೋಪಿಯನ್ನ ಅವರು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡರು. ಎಣ್ಣೆ ಆರದ ಹಾಗೆ, ಧೂಳು ಕೂರದ ಹಾಗೆ. ಅಕ್ಕ ರಾತ್ರಿ ಕೆಮ್ಮಿದರೂ ಸಾಕು, ಎದ್ದು ಯಾರ್ಡಿಗೆ ಹೋಗಿ ನೋಡಿ ಬರೋರು. ಶೆಡ್ಡಿನಲ್ಲಿ ಜನ ಏನೇನೋ ಆಡಿಕೊಂಡರು. ಆಡುವವರ ಬಾಯಿಗೆ ಬೀಗ ಹಾಕೋಕಾಗುತ್ತಾ?

ಕೊನೆಗೆ ಆ ಬೋಗಿಗಳನ್ನ ಒಡೆಯೋಕೆ ಆರ್ಡರ್ ಬಂತು. ಭಾವ ಮೇಸ್ತ್ರಿಯ ಕೈಕಾಲು ಹಿಡಿದರು, ಅದೊಂದನ್ನ ಬಿಟ್ಟುಬಿಡಿ ಅಂತ. ಮೇಸ್ತ್ರಿ ಇವರಿಗೆ ತಲೆ ಕೆಟ್ಟಿದೆ ಅಂದುಕೊಂಡು ಎರಡು ದಿನ ರಜೆ ಬರೆದುಕೊಟ್ಟ. ಬೋಗಿ ಒಡೆಯುವ ದಿನ ಬೆಳಗಿನಿಂದ ಭಾವ ಅಕ್ಕನ ಪಕ್ಕದಿಂದ ಏಳಲಿಲ್ಲ. ಅವಳು ಬಟಾಣಿ ಬಿಡಿಸುತ್ತಿದ್ದರೆ ಇವರು ಅವಳ ಎದೆ ಏರಿಳಿಯೋದನ್ನೇ ನೋಡುತ್ತಾ ಕೂತರು. ಯಾರ್ಡಿನ ಕಡೆಯಿಂದ ಕಬ್ಬಿಣ ಕತ್ತರಿಸೋ ಸದ್ದು ಬರುತ್ತಲೇ ಇತ್ತು. ಸಂಜೆ ಅದು ನಿಂತಿತು.

“ಯಾಕ್ರೀ ಹೀಗೆ ನೋಡ್ತೀರಿ ಬೆಳಗಿಂದ? ಹೊಸ ಹೆಂಡತಿಯಾ ನಾನು?” ಅಂದಳು ಅಕ್ಕ.

ಏನೂ ಆಗಲಿಲ್ಲ. ಭಾವ ಹೊರಗೆ ಹೋಗಿ, ಯಾರಿಗೂ ಕಾಣದ ಹಾಗೆ ಗೋಡೆಗೆ ಮುಖ ಮಾಡಿ ಅತ್ತು ಬಂದರಂತೆ. ಅದನ್ನ ಅವರೇ ಹೇಳಿದ್ದು.

ನೀವು ನಂಬಿ, ಬಿಡಿ. ನಾನೂ ಬಹಳ ದಿನ ಪೂರ್ತಿ ನಂಬಿರಲಿಲ್ಲ. ಮೊನ್ನೆ ಅವರ ಮನೆಗೆ ಹೋಗಿದ್ದೆ. ಅಕ್ಕನಿಗೆ ಈಗ ಓದೋಕೆ ಕನ್ನಡಕ ಬೇಕು. ಒರೆಸೋಕೆ ಅಂತ ಗಾಜನ್ನ ಬಾಯಿ ಹತ್ತಿರ ಹಿಡಿದು ‘ಹಾ’ ಅಂತ ಊದಿದಳು. ನಾನು ಪಕ್ಕದಲ್ಲೇ ಕೂತಿದ್ದೆ, ಗಾಜಿನ ಎರಡೂ ಬದಿ ನನಗೆ ಕಾಣುತ್ತಿತ್ತು. ಅವಳು ಊದಿದ ಬದಿ ಒಣಗಿಯೇ ಇತ್ತು. ಆವಿ ಕೂತದ್ದು ಆಚೆ ಬದಿಗೆ, ಆಚೆಯಿಂದ ಯಾರೋ ಊದಿದ ಹಾಗೆ. ಅಕ್ಕ, ಎಲ್ಲರ ಕನ್ನಡಕವೂ ಹೀಗೇ ಅನ್ನೋ ಹಾಗೆ, ಅದನ್ನ ತಿರುಗಿಸಿ ಹಿಡಿದು, ಆಚೆ ಬದಿಯನ್ನೇ ಒರೆಸಿ ಹಾಕಿಕೊಂಡಳು.