ಕೌದಿ ಕಲಿತ ನಿದ್ದಿ

ಇಲ್ಲ, ಇಲ್ಲ, ಇಲ್ಲ! ನೂರು ಸಲ ಕೇಳು, ಅದ ಉತ್ತರ. ನಾಳೆ ಹಾವೇರಿ ಕಾಲೇಜಿನ್ಯಾಗ, ಪರೀಕ್ಷಕರ ಮುಂದ, ಈ ಕೌದಿ ಹೊಚ್ಕೊಂಡು ನಾ ಮಲಗೂದಿಲ್ಲ. ಬೇಕಾದ್ರ ಅವರೊಳಗ ಒಬ್ರು ಮಲಗ್ಲಿ... ಯಾಕ ನಗ್ತಿ ಶೈಲಾ? ಹೆಂಡತಿ ಎಂ.ಟೆಕ್. ಮಾಡಾಕತ್ತಾಳ, ಗಂಡಾದಾಂವ ಸಹಾಯ ಮಾಡಬೇಕು, ಒಪ್ಪಿದೆ. ಮಾಡೇನಿ! ಎಷ್ಟು ರವಿವಾರ ಊಟ ಆದಮ್ಯಾಲೆ ನಿನ್ನ ಸಲುವಾಗಿ ಮಲಗೇನಿ, ನೆನಸ್ಕೋ. ಕಾನ್ವೆಂಟಿನ್ಯಾಗ ಕಲಿತಾಂವ ನಾ. ಅದಕ್ಕೂ ಮೊದಲು ಹಗಲು ಹಾಸಿಗಿ ಮುಟ್ಟಿದ ಮನಷ್ಯಾ ಅಲ್ಲ.

ಏನಂದಿ? ಜಿದ್ದು? ಜಿದ್ದಲ್ಲ, ತತ್ವ! ಬೀಜದ ಕಂಪನ್ಯಾಗ ತಪಾಸಣಿ ಮಾಡಾಂವ ನಾ. ಮೊನ್ನೆ ಗೋವಿನಜೋಳದ ಬೀಜದ ಲಾರೀನ ಹೊಳ್ಳಿ ಕಳಿಸಿದೆ. ಚೀಟಿ ಒಂದು ಜಾತಿದು, ಚೀಲದಾಗ ಇನ್ನೊಂದು. 'ಹೋಗ್ಲಿ ಬಿಡ್ರಿ ಸರ' ಅಂದ್ರು. ಬಿಟ್ಟೆನೇನು? ಅಂಥಾಂವ ನಾಳೆ ಮಂದಿ ಮುಂದ ಬಾಯಿ ತಗದು ಗೊರಕಿ ಹೊಡೀಲಿ ಅಂತಿ...

ನೋಡು, ಮುಖದ ಮ್ಯಾಲೆ ಕೌದಿ ಎಳ್ಕೊಂಡ್ಲು! ಉತ್ತರ ಕೊಡಾಕ ಬ್ಯಾಸರಾದ್ರ ನಿದ್ದಿ! ಆಗ್ಲಿ ಬಾಯಾರ, ಮಲಕೋರಿ. ನಿಮ್ಮ ಯಂತ್ರ ಚಾಲೂ ಐತಿ, ಅದ ಹೇಳ್ಲಿ. ಉಸಿರು ಅಳತಿ ಮಾಡಾಕ ಅದಕ್ಕ ಸ್ವಲ್ಪ ಹೊತ್ತು ಬೇಕಲ್ಲ, ಕಾಯ್ತೇನಿ.

ಖರೇ ಹೇಳ್ತೇನಿ, ವಿಚಾರ ಛಲೋ ಐತಿ. ಎರಡು ಸಾವಿರದ ಎಂಟು ಬಂತು, ಮಂದಿ ಇನ್ನೂ ಮೌಸ್ ಹಿಡಕೊಂಡು ಕುಂತಾರ ಅಂತಿದ್ದಿ. ಇಲ್ಲಿ ಮೌಸ್ ಇಲ್ಲ, ಕೀಲಿಮಣಿ ಇಲ್ಲ, ಪರದೆ ಸೈತ ಇಲ್ಲ. ನಿಮ್ಮವ್ವ ಮುತ್ತವ್ವನವರು ಕದರಮಂಡಲಗಿಯಿಂದ ಹೊಲದು ಕಳಿಸಿದ ಕೌದಿ, ಅದರ ಪದರಿನ್ಯಾಗ ನೀ ಇಟ್ಟ ಸೆನ್ಸರ್ ಪಟ್ಟಿ. ಮೈ ಹೊಳ್ಳೂದು, ಎದಿ ಏರಿ ಇಳಿಯೂದು, ಅದ ಯಂತ್ರಕ್ಕ ಮಾತು. ನಿದ್ದಿ ಹತ್ತಿದ್ರ ರೇಡಿಯೋ ತಾನ ಸುಮ್ಮನಾಗಬೇಕು, ಫ್ಯಾನು ತಾನ ಸಣ್ಣಗಾಗಬೇಕು. ಹಾಸಿಗಿ ಹಿಡಿದ ಮುದುಕರು ಸ್ವಿಚ್ಚಿಗೆ ಕೈ ಚಾಚಬೇಕಿಲ್ಲ. ಆದ್ರ ನಿದ್ದಿ ಅಂದ್ರೇನು ಅಂತ ಅದಕ್ಕ ಕಲಿಸಿದಾಂವ ಯಾರು? ನಾ! ಒಂದು ರವಿವಾರ 'ಖರೇನ ನಿದ್ದಿ ಮಾಡ್ರಿ' ಅಂತಿದ್ದಿ. ಮುಂದಿನ ರವಿವಾರ 'ಬರೇ ಕಣ್ಣು ಮುಚ್ಚಿ ಬಿದ್ಕೋರಿ, ನಿದ್ದಿ ಮಾಡಬ್ಯಾಡ್ರಿ' ಅಂತಿದ್ದಿ. ಎದ್ದಮ್ಯಾಲೆ, ಮಲಗಿದ್ದೆನೋ ಎಚ್ಚರಿದ್ದೆನೋ ಅಂತ ನಾ ಹೇಳಿದ್ದನ್ನ ಕಂಪ್ಯೂಟರಿಗೆ ಹಾಕ್ತಿದ್ದಿ.

ಹಾಂ! ಹತ್ತಿತು ಯಂತ್ರದ ದೀಪ. ಕೆಂಪು! ಸಿಕ್ಕಿಬಿದ್ದಿ! ಹಸಿರಂದ್ರ ನಿದ್ದಿ, ಕೆಂಪಂದ್ರ ಎಚ್ಚರ. ನೀನ ಹೇಳಿದ್ದು. ಸೋಗು ಸಾಕು, ಏಳು.

ಏಳಂಗಿಲ್ಲ? ಏಳಬ್ಯಾಡ. ನೀ ಮಾತಾಡದಿದ್ರೂ ನಿನ್ನ ಮನಸಿನ್ಯಾಗಿಂದು ನನಗ ಗೊತ್ತೈತಿ. ನಾ ಮಾಡಿದ ಚಹಾ ಕಷಾಯ ಇದ್ದಂಗ ಇರತೈತಿ ಅಂತ ನಿಮ್ಮವ್ವನ ಮುಂದ ಫೋನಿನ್ಯಾಗ ಹೇಳಿಲ್ಲ? ನಾ ಹಾಡಾಕ ಹತ್ತಿದ್ರ ಓಣ್ಯಾಗಿನ ನಾಯಿ ಎದ್ದು ಹೋಗ್ತಾವ ಅಂತ... ಅಲ್ಲ, ಅದು... ನನಗ ಹೆಂಗ ಗೊತ್ತಂದ್ರ... ನಿಮ್ಮವ್ವನ ಹೇಳಿದ್ರು. ಹಬ್ಬಕ್ಕ ಹೋದಾಗ. ಹೌದು, ಹಬ್ಬಕ್ಕ.

ಯಾಕ, ಜಗಳ ತಗಿಯಂಗಿಲ್ಲ? 'ನಮ್ಮವ್ವ ಹಂಗ ಹೇಳಾಕಿ ಅಲ್ಲ' ಅನ್ನಂಗಿಲ್ಲ? ತಡಿ, ಅನ್ನಿಸ್ತೇನಿ. ನಿಮ್ಮವ್ವನ ಹೋಳಿಗಿ, ಶೈಲಾ... ಅನಬಾರದು, ಆದ್ರೂ... ಚಪ್ಪಲಿ ಅಟ್ಟಿ ಇದ್ದಂಗ ಇರ್ತಾವ.

...ಆಂ? ಕೇಳಿಸ್ತೇನು? ಹೋಳಿಗಿಗೆ ಚಪ್ಪಲಿ ಅಟ್ಟಿ ಅಂದೆ!

ಶೈಲಾ? ಎಲ್ಲಿ, ಕೌದಿ ಸ್ವಲ್ಪ ಸರಸ್ತೇನಿ... ಗೊರಕಿ! ನಿಮ್ಮವ್ವನ ಹೋಳಿಗಿಗೆ ಯಾರರೆ ಒಂದು ಮಾತಂದ್ರ ಸವಟು ಹಿಡಕೊಂಡು ಬರಾಕಿ ನೀ. ಸುಮ್ಮನ ಇದೀ ಅಂದ್ರ ಖರೇನ ನಿದ್ದಿ ಹತ್ತೈತಿ. ಮತ್ತ ದೀಪ ಯಾಕ ಕೆಂಪೈತಿ? ವಾಯರ್ ಸಡಲಾಗಿರಬೇಕು... ಗಟ್ಟಿ ಐತಿ. ನಿನ್ನ ಮೈ ಬ್ಯಾರೆ, ನನ್ನ ಮೈ ಬ್ಯಾರೆ, ಅದಕ್ಕ... ಅದೂ ಅಲ್ಲ. ಉಸಿರು ಯಾರದಾದ್ರೂ ಉಸಿರ ಅಂತ ನೀನ ಅಂದಿದ್ದಿ.

ಅಯ್ಯಯ್ಯೋ... ಆ ರವಿವಾರಗಳು.

ನಿದ್ದಿ ಮಾಡ್ರಿ ಅಂತ ಅಪ್ಪಣಿ ಮಾಡಿದ್ರ ಯಾರಿಗೆ ನಿದ್ದಿ ಬರತೈತಿ? ಕಣ್ಣು ಮುಚ್ಚಿ, ಕಿವಿ ತಗದು ಬಿದ್ದಿದ್ದೆ. ಆಚೆ ಕೋಣ್ಯಾಗ ನೀ ಫೋನಿನ್ಯಾಗ ನನ್ನ ಪುರಾಣ ಹಚ್ಚಿದ್ದಿ. ಅಷ್ಟು ಮಜಾ ಬಿಟ್ಟು ಯಾರು ಮಲಗ್ತಾರ! ಮತ್ತ ಬರೇ ಬಿದ್ಕೋರಿ ಅಂದ ದಿನ? ಹೊಟ್ಟಿತುಂಬ ರೊಟ್ಟಿ, ಮ್ಯಾಲೆ ಬೆಚ್ಚಗಿನ ಕೌದಿ... ತಲಿ ಇಡೂದ ತಡ, ಜೊಂಪು! ಹಗಲು ನಿದ್ದಿ ಹತ್ತಿತು ಅಂತ ಹೆಂಗ ಒಪ್ಪಲಿ? ನಾನು? 'ಪೂರಾ ಎಚ್ಚರಿದ್ದೆ' ಅಂದೆ. ಅದರ ಹಿಂದಿನ ವಾರ ಎಚ್ಚರಿದ್ದು 'ಛಲೋ ನಿದ್ದಿ ಆತು' ಅಂದಿದ್ದೆ.

ಅಂದ್ರ ಯಂತ್ರದ ತಪ್ಪೇನೂ ಇಲ್ಲ. ನಾ ಕಲಿಸಿದ್ದನ್ನ ಬರೋಬ್ಬರಿ ಕಲ್ತೈತಿ. ನಿದ್ದಿಗೆ ಕೆಂಪು, ಸೋಗಿಗೆ ಹಸಿರು! ನಾಳೆ ಹಾವೇರ್ಯಾಗ ಮಲಗಿದಾಂವ ಗೊರಕಿ ಹೊಡೀತಾನ, ದೀಪ ಎಚ್ಚರ ಅಂತೈತಿ, ಪರೀಕ್ಷಕರು ಒಬ್ಬರ ಮುಖ ಒಬ್ಬರು ನೋಡ್ತಾರ. ಎರಡು ವರ್ಷದ ನಿನ್ನ ದುಡಿತ, ಶೈಲಾ.

ಏನಂತ ಎಬ್ಬಸ್ಲಿ ನಿನ್ನ? 'ಅವ್ವಾ, ಈ ಮನಷ್ಯಾ ಜಿದ್ದಿನಾಂವ ಖರೇ, ಆದ್ರ ಸುಳ್ಳ ಹೇಳಾಂವ ಅಲ್ಲ. ಮಲಗಿದ್ದೆ ಅಂದ್ರ ಮಲಗಿದ್ದಾ' ಅಂತ ನೀ ಫೋನಿನ್ಯಾಗ ಅಂದಾಗ, ಈ ಕೌದಿ ಒಳಗ ನಾ ನಗು ತಡಕೊಂಡು ಬಿದ್ದಿದ್ದೆ ಅಂತ ಹೇಳ್ಲೇನು?

ಒಂದು ಕೆಲಸ... ಈ ಸಣ್ಣ ವಾಯರ್ ಕಿತ್ತರ? 'ಇಲಿ ಕಡದೈತಿ' ಅಂದ್ರಾತು. ಪರೀಕ್ಷಾ ಮುಂದಕ್ಕ ಹೋಗತೈತಿ. ಅಷ್ಟರಾಗ ನಾ ಖರೇ ಖರೇ ಮಲಗಿ ಮತ್ತ ಕಲಿಸಿಬಿಡ್ತೇನಿ. ಯಾರಿಗೂ ಗೊತ್ತಾಗೂದಿಲ್ಲ... ಛೇ, ಇಂಥ ವಿಚಾರ ನನ್ನ ತಲ್ಯಾಗ! ಆದ್ರೂ... ಮೆಲ್ಲಕ... ಇಲ್ಲೇ ದೀಪದ ಬುಡಕ್ಕ...

ತಡಿ.

ಹಸಿರು ಐತಲ್ಲ ಇದು.

ಶೈಲಾ... ಎಷ್ಟೊತ್ತಾತು ಇದು ಹಸಿರಾಗಿ?