ಲಾಕ್ಲನ್ ಕೇಳಿದ ರುಚಿ

ಹತ್ತಿರ ಬನ್ನಿ, ಮೆಲ್ಲಗೆ ಹೇಳುತ್ತೇನೆ. ಇದು ಯಾರೋ ಕಟ್ಟಿದ ಕತೆಯಲ್ಲ. ನಮ್ಮ ದೊಡ್ಡಪ್ಪನ ಮಗ ರೂರಿಗೆ ಆದದ್ದು. ಹೋದ ನವೆಂಬರಿನಲ್ಲಿ, ಲಾಕ್ಲನ್‌ನನ್ನು ಮಣ್ಣು ಮಾಡಿದ ದಿನ ರಾತ್ರಿ, ರೂರಿ ಒಬ್ಬನೇ ಚರ್ಚಿನ ಹಿಂದಿನ ಹಳೇ ಬಾವಿಯ ದಾರಿಯಲ್ಲಿ ಮನೆಗೆ ಬರುತ್ತಿದ್ದ. ಗಾಳಿ ಬಿದ್ದುಹೋಗಿತ್ತು. ನಮ್ಮ ದ್ವೀಪದಲ್ಲಿ ಗಾಳಿ ಬೀಳುವುದೇ ಅಪರೂಪ. ಕಡಲು ಕೂಡ ಸದ್ದು ಮಾಡುತ್ತಿರಲಿಲ್ಲ...

ಆಗ ಕೇಳಿಸಿತು. ಡುಬ್... ಡುಬ್... ಠೊಣ್.

ಮರದ ಸುತ್ತಿಗೆಯ ಸದ್ದು. ತುಂಬಿದ ಪೀಪಾಯಿಗೆ ಬಡಿದರೆ ಡುಬ್ ಅನ್ನುತ್ತದೆ, ಖಾಲಿಯಾದದ್ದು ಠೊಣ್ ಅನ್ನುತ್ತದೆ. ಹಾಗೆ ಬಡಿದು, ಕಿವಿಯಿಟ್ಟು, ಒಳಗೆ ಎಷ್ಟಿದೆ ಎಂದು ಹೇಳುವವನು ಊರಿಗೆಲ್ಲ ಒಬ್ಬನೇ ಇದ್ದ. ನಮ್ಮ ವಿಸ್ಕಿ ಭಟ್ಟಿಗೆ ಪೀಪಾಯಿ ಕಟ್ಟುತ್ತಿದ್ದ ಲಾಕ್ಲನ್. ಅವನನ್ನೇ ಮಧ್ಯಾಹ್ನ ಹೂತು ಬಂದಿದ್ದೆವು.

ರೂರಿಯ ಕಾಲು ಮುಂದಕ್ಕೆ ಏಳಲಿಲ್ಲ. ಹೆದರಿಕೆಗಿಂತ ಹೆಚ್ಚಾಗಿ ನಾಚಿಕೆಗೆ. ಯಾಕೆ ಅಂತ ಕೇಳಿ.

ಲಾಕ್ಲನ್ ಮದುವೆಯಾದ ವರ್ಷ ಒಂದು ಪೀಪಾಯಿ ಸಿಂಗಲ್ ಮಾಲ್ಟ್ ವಿಸ್ಕಿ ತನ್ನ ಹೆಸರಿನಲ್ಲಿ ಭಟ್ಟಿಯ ಉಗ್ರಾಣದಲ್ಲಿ ಇಡಿಸಿದ್ದ. ಹಿಂದೆ ಷೆರಿ ವೈನ್ ತುಂಬಿದ್ದ ಪೀಪಾಯಿ, ಅವನೇ ಬಿಚ್ಚಿ ಮತ್ತೆ ಕಟ್ಟಿದ್ದು. "ನನ್ನ ಮಣ್ಣಿಗೆ ಬಂದೋರು ಕುಡೀಲಿ. ಅಲ್ಲೀವರ್ಗೂ ನಾನೂ ಮುಟ್ಟಲ್ಲ," ಅಂದಿದ್ದ. ಮೂವತ್ತೆರಡು ವರ್ಷ ಒಂದು ಹನಿ ಮುಟ್ಟಲಿಲ್ಲ ಪುಣ್ಯಾತ್ಮ.

ಉಗ್ರಾಣದ ಬೀಗದ ಕೈ ಇದ್ದದ್ದು ರೂರಿಯ ಬಳಿ. ತಳ ಬೆಸೆದ ತಾಮ್ರದ ಕೊಳವೆಯೊಂದನ್ನು ಪ್ಯಾಂಟಿನೊಳಗೆ ಇಳಿಬಿಟ್ಟುಕೊಂಡು ಹೋಗಿ ತುಂಬಿಸಿಕೊಂಡು ಬರುತ್ತಿದ್ದ. ಹತ್ತು ವರ್ಷ ಕದ್ದ. ಕದ್ದಷ್ಟೂ ತೊರೆಯ ನೀರು ಸುರಿದ. ಬಣ್ಣ ತೆಳುವಾದಾಗ ಟೀ ಡಿಕಾಕ್ಷನ್ ಬೆರೆಸಿದ. ಎರಡು ಸಲ ನನಗೂ ಕೊಟ್ಟ. ಎಲ್ಲಿಯದು ಅಂತ ನಾನು ಕೇಳಲಿಲ್ಲ. ಗೊತ್ತಿತ್ತಲ್ಲ!

ಮಣ್ಣಾದ ಮೇಲೆ ಸ್ಮಶಾನದ ಗೇಟಿನ ಹತ್ತಿರ ಎಲ್ಲರಿಗೂ ಓಟ್ಸ್ ಬಿಸ್ಕತ್ತು, ಚೀಸು, ಒಂದೊಂದು ಗ್ಲಾಸು. ಒಂದು ಗುಟುಕು ಕುಡಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು... ಕಡೆಗೆ ಮೀನು ಹಿಡಿಯುವ ಹೆಕ್ಟರ್ ಬಾಯಿ ಹಾಕಿದ.

"ಸತ್ತ ಮೇಲೂ ಕೈ ಬಿಚ್ಲಿಲ್ಲ ನೋಡು ಜಿಪುಣ. ನೀರು ಸುರ್ದು ಇಟ್ಟವ್ನೆ. ಇದ್ರಲ್ಲಿ ಮುಖ ತೊಳ್ಕೋಬೋದು!"

ನಾಲ್ಕು ಜನ ನಕ್ಕರು. ಲಾಕ್ಲನ್‌ನ ಹೆಂಡತಿ ಎಫಿ ಅಲ್ಲೇ ಇದ್ದಳು. "ನಮ್ಮನೆಯೋರು ಅಂಥೋರಲ್ಲ ಕಣಪ್ಪ," ಅಂದಳು. ಅಷ್ಟೇ. ಟ್ರೇ ಹಿಡಿದು ಗ್ಲಾಸುಗಳನ್ನು ಕೂಡಿಸತೊಡಗಿದಳು. ರೂರಿ ಒಂದು ಮಾತು ಆಡಿದ್ದರೆ ಸತ್ತವನ ಹೆಸರು ಉಳಿಯುತ್ತಿತ್ತು. ಆಡಲಿಲ್ಲ. ಗ್ಲಾಸು ಖಾಲಿ ಮಾಡಿ ಬಾಯಿ ಒರೆಸಿಕೊಂಡ.

ಈಗ ಬಾವಿಕಟ್ಟೆಯ ಮೇಲೆ ಲಾಕ್ಲನ್ ಕೂತಿದ್ದ. ಹೂಳುವಾಗ ಹಾಕಿದ್ದ ಅದೇ ಕರಿ ಕೋಟು. ಬೆನ್ನು ಈ ಕಡೆ.

"ರೂರೀ... ಹೆಂಗಿತ್ತೋ?"

"ಏ... ಏನು ಮಾವ?"

"ನಾನು ಕುಡೀಲೇ ಇಲ್ವಲ್ಲೋ. ಕುಡ್ದೋನು ನೀನು ತಾನೆ. ರುಚಿ ಹೇಳು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಅನ್ನುತ್ತಾನೆ ರೂರಿ. ಕತ್ತು ಹಿಚುಕಿದ್ದರೂ ಸರಿ. ಹಾಗೆ ಆಸೆಯಿಂದ ಕೇಳಿದ್ದನ್ನು ಮಾತ್ರ ತಡೆಯಲಾಗಲಿಲ್ಲವಂತೆ.

"ಮೊದ್ಲು... ಜೇನು ಮಾವ. ಗಟ್ಟಿ ಜೇನು."

ಗುಟುಕ್... ಗಂಟಲಲ್ಲಿ ಏನೋ ಇಳಿದ ಸದ್ದು.

"ಆಮೇಲೆ?"

"ಒಣದ್ರಾಕ್ಷಿ. ಕಿತ್ತಳೆ ಸಿಪ್ಪೆ... ಒಣಗ್ಸಿದ್ದು. ಒಂಚೂರು ಕಹಿ."

ಗುಟುಕ್.

"ಹೊಗೆ ಇತ್ತೇನೋ? ಬಾರ್ಲಿ ಒಣಗ್ಸೋಕೆ ಸುಡ್ತೀವಲ್ಲ, ನಮ್ಮ ಜೌಗುಮಣ್ಣಿನ ಹೊಗೆ?"

"ಇತ್ತು. ಜೋರಿರ್ಲಿಲ್ಲ. ವಯಸ್ಸಾಗಿ ಮೆತ್ತಗಾಗಿತ್ತು. ಬೆಳಗೆದ್ದಾಗ ಆರಿದ ಒಲೆ ಹತ್ರ ಬರುತ್ತಲ್ಲ, ಹಂಗೆ."

ಗುಟುಕ್.

"ಕಡೇಲಿ?"

"ಉಪ್ಪು... ತುಟಿ ಮೇಲೆ, ಕಡಲ ಉಪ್ಪು. ಮಲಗಿದ್ರೂ ಹೋಗ್ತಿರ್ಲಿಲ್ಲ ಮಾವ." ರೂರಿ ಬಿಕ್ಕುತ್ತಿದ್ದ.

ಗುಟುಕ್.

"ಚೆನ್ನಾಗೇ ಕಟ್ಟಿದ್ದೆ ಹಂಗಾದ್ರೆ ಪೀಪಾಯಿನ," ಅಂದ ಲಾಕ್ಲನ್. "ಎಫಿಗೂ ಹೇಳು."

ರೂರಿ ಕಣ್ಣೊರೆಸಿಕೊಂಡು ನೋಡಿದರೆ ಕಟ್ಟೆಯ ಮೇಲೆ ಯಾರೂ ಇಲ್ಲ.

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಬಾಗಿಲಲ್ಲಿ ಎಲ್ಲರೆದುರು ರೂರಿ ಒಪ್ಪಿಕೊಂಡ. ಕದ್ದದ್ದು ನಾನು, ನೀರು ಸುರಿದದ್ದು ನಾನು, ಲಾಕ್ಲನ್ ಇಟ್ಟದ್ದು ಅಪ್ಪಟ ಚಿನ್ನ ಅಂದ. ಹೆಕ್ಟರ್ ಟೋಪಿ ತೆಗೆದು ಎಫಿಯ ಮುಂದೆ ತಲೆ ತಗ್ಗಿಸಿದ. ಎಫಿ ಮಾತ್ರ ರೂರಿಯನ್ನೇ ನೋಡುತ್ತಿದ್ದಳು.

"ಪ್ರತಿ ಹೊಸ ವರ್ಷಕ್ಕೂ ನಮ್ಮನೇಲೇ ಉಂಡ್ಯಲ್ಲೋ..."

ಇಷ್ಟೇ ಅಂದದ್ದು. ನಾನು ಅವನ ಹಿಂದೆಯೇ ನಿಂತಿದ್ದೆ. ಎರಡು ಸಲ ಕುಡಿದವನು. ಬಾಯಿ ಬಿಡಲಿಲ್ಲ. ಇವತ್ತಿಗೂ ಎಫಿ ಎದುರು ಬಂದರೆ ನಾನು ರಸ್ತೆಯ ಆಚೆ ಬದಿಗೆ ಹೋಗುತ್ತೇನೆ.

ಇನ್ನೊಂದು ಮಾತು. ಬಾವಿಯ ಹತ್ತಿರ ಅದಾದ ಮಾರನೇ ಬೆಳಿಗ್ಗೆಯೇ ರೂರಿ ನಮ್ಮ ಮನೆಯಲ್ಲಿ ಓಟ್ಸ್ ಗಂಜಿಗೆ ಕೂತಿದ್ದ. ಒಂದು ಚಮಚ ಉಪ್ಪು ಹಾಕಿಕೊಂಡ. ಇನ್ನೊಂದು. ನಾಲ್ಕನೆಯದಕ್ಕೆ ನನ್ನ ಹೆಂಡತಿ ಕೈ ಹಿಡಿದಳು.

"ಏನಪ್ಪ, ಕಡಲನ್ನೇ ಕುಡೀತೀಯಾ?"

"ಉಪ್ಪೇ ಇಲ್ವಲ್ಲ ಅತ್ತಿಗೆ," ಅಂದ.

ಜೇನು ಕೊಟ್ಟೆವು. ಸಪ್ಪೆ ಅಂದ. ಒಣದ್ರಾಕ್ಷಿ, ಕಿತ್ತಳೆ... ಸಪ್ಪೆ. ಹಾಲಿನ ರುಚಿ ಗೊತ್ತಾಗುತ್ತದೆ, ಮೀನಿನದು ಗೊತ್ತಾಗುತ್ತದೆ. ಬಾವಿಯ ಹತ್ತಿರ ಬಾಯಿಬಿಟ್ಟು ಹೇಳಿದ್ದು ಮಾತ್ರ ಒಂದೂ ಇಲ್ಲ. ನಾಲಿಗೆಗೆ ಏನೂ ಆಗಿಲ್ಲ ಅಂದರು ಡಾಕ್ಟರು. ನಾನು ಸುಳ್ಳು ಹೇಳುತ್ತಿಲ್ಲ. ಅವತ್ತು ಅವನು ತಿಂದು ಮುಗಿಸಿದ ಬಟ್ಟಲನ್ನು ತೊಳೆದದ್ದು ನಾನೇ... ತಳದಲ್ಲಿ ಕರಗದ ಉಪ್ಪು ಬೆರಳಿಗೆ ಸಿಕ್ಕಿತು.