ಬೇಕರಿಯ ಇಬ್ಬರು ಪಾಲುದಾರರು

ವಿಶ್ವವಿದ್ಯಾಲಯದ ಎದುರಿನ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಒಬ್ಬ ವಿದ್ಯಾರ್ಥಿನಿ ಕೂತಿದ್ದಳು. ಅವಳ ಚಿಕ್ಕಪ್ಪ ನಿಂತೇ ಇದ್ದರು. ಅವರ ಅಂಗಿಯ ತೋಳಿಗೆ ಮೈದಾ ಹಿಟ್ಟು ಮೆತ್ತಿತ್ತು.

"ವ್ಯಾಪಾರನೂ ಓದ್ತೀಯ, ಕಾನೂನೂ ಓದ್ತೀಯ. ನೀನೇ ಹೇಳಮ್ಮ, ನಿಮ್ಮಪ್ಪ ನನ್ನನ್ನ ಬೇಕರಿಯಿಂದ ಹೊರಗೆ ಹಾಕ್ಬಹುದಾ?"

"ನಾನಿನ್ನೂ ಎರಡನೇ ವರ್ಷ, ಚಿಕ್ಕಪ್ಪ."

"ಪಾಲುದಾರಿಕೆ ಪಾಠ ಆಗಿಲ್ವಾ?"

"ಆಗಿದೆ. ಪಾಠದಲ್ಲಿ ಪಾಲುದಾರರು ಅಂತಷ್ಟೇ ಇರುತ್ತೆ. ಅಪ್ಪ, ಚಿಕ್ಕಪ್ಪ ಅಂತ ಇರಲ್ಲ."

"ನಿಮ್ಮಪ್ಪ ಬೇಡ ಅಂದ್ರೂ ಹಟ ಹಿಡಿದು ನಿನ್ನನ್ನ ಈ ಕೋರ್ಸಿಗೆ ಸೇರಿಸಿದ್ದು ನಾನು. ಮನೇಲೊಬ್ಬಳು ಲಾಯರ್ ಇದ್ರೆ ಯಾರ ಮುಂದೆನೂ ಕೈಕಟ್ಟಿ ನಿಲ್ಲೋ ಹಾಗಿರಲ್ಲ ಅಂದಿದ್ದೆ."

"ಗೊತ್ತು ಚಿಕ್ಕಪ್ಪ."

"ಹಾಗಾದ್ರೆ ಏನಾದ್ರೂ ದಾರಿ ಹೇಳು."

"ಮೊನ್ನೆ ಅಪ್ಪನೂ ಕಾಲೇಜಿಗೆ ಬಂದಿದ್ರು. ನೀವು ಅವರನ್ನ ಹೊರಗೆ ಹಾಕ್ಬಹುದಾ ಅಂತ ಕೇಳಿದ್ರು."



"ನಾನಾ? ಅಣ್ಣನ್ನಾ?"

"ಅದನ್ನ ಅವರಿಗೇ ಹೇಳಿ."

"ನಮ್ಮಿಬ್ಬರ ಮಧ್ಯೆ ಮಾತೆಲ್ಲಿದೆ? ಒಲೆ ಹತ್ರ ನಾನು, ಗಲ್ಲಾದಲ್ಲಿ ಅವನು. ಬ್ರೆಡ್ ಬೇಕಂದ್ರೂ ಕೆಲಸದವರ ಕೈಲಿ ಹೇಳಿಸ್ಬೇಕು. ನೀನೇ ಹೇಳ್ಬೇಕಿತ್ತು, ಚಿಕ್ಕಪ್ಪ ಅಂಥವರಲ್ಲ ಅಂತ."

"ಹೇಳಿದೆ."

"ಏನಂದ?"

"ನಿನ್ನನ್ನ ಓದಿಸಿದ್ದು ಅವನಲ್ವಾ, ಅವನ ಪರವೇ ಮಾತಾಡ್ತೀಯ ಅಂದ್ರು."

ಅಷ್ಟರಲ್ಲಿ ಅವಳ ಬಸ್ ಬಂತು. ಚಿಕ್ಕಪ್ಪ ಬೆಂಚಿನ ಮೇಲಿದ್ದ ಅವಳ ಬ್ಯಾಗನ್ನು ಎತ್ತಿ ಅವಳ ಹೆಗಲಿಗೆ ಹಾಕಿದರು.

"ಹೋಗಮ್ಮ. ಚೆನ್ನಾಗಿ ಓದು," ಎಂದರು.

ಅವಳು ತಲೆಯಾಡಿಸಿ ಬಸ್ ಹತ್ತಿದಳು.